ಕರಾಟೆ ಕ್ಲಾಸಿಗೆ ಬರಿಗಾಲೇ ಸಾಕಾ, ಶೂ ಬೇಕಾ?

ಪ್ರಶ್ನೆ: ನನಗೆ 41 ವರ್ಷ, ಊರು ಮಂಡ್ಯ. 11 ವರ್ಷದ ಮಗಳ ಜೊತೆ ನಾನೂ ನಾಲ್ಕು ತಿಂಗಳಿಂದ ಕರಾಟೆ ಕ್ಲಾಸಿಗೆ ಹೋಗುತ್ತಿದ್ದೇನೆ. ಕ್ಲಾಸು ನಡೆಯುವುದು ಒಂದು ಸಮುದಾಯ ಭವನದಲ್ಲಿ. ಅರ್ಧ ಹಾಲಿಗೆ ಮ್ಯಾಟ್ ಹಾಸಿದ್ದಾರೆ, ಇನ್ನರ್ಧ ಬರೀ ಗ್ರಾನೈಟ್. ಮಾಸ್ಟರು ಬರಿಗಾಲಲ್ಲೇ ಮಾಡಬೇಕು ಅಂತಾರೆ. ನನ್ನ ಎಡಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಚರ್ಮ ಸೀಳಿದೆ. ಮೂರು ವಾರವಾದರೂ ಮಾಯುತ್ತಿಲ್ಲ. ಕಿರುಬೆರಳ ಸಂದಿಯಲ್ಲಿ ತುರಿಕೆ ಬೇರೆ. ಹೋದ ವರ್ಷ ಶುಗರ್ ಇದೆ ಅಂತ ಗೊತ್ತಾಯಿತು, ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮಗಳು ಕ್ಲಾಸು ಮುಗಿದ ಮೇಲೆ ಹಿಮ್ಮಡಿ ನೋವು ಅಂತಾಳೆ. ಶೂ ಹಾಕಿಕೊಂಡು ಮಾಡಬಹುದಾ? ಎಂಥ ಶೂ? ಕಾಲುಂಗುರ ತೆಗೆಯಲೇಬೇಕಾ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಆ ಸೀಳು ಪೂರ್ತಿ ಮಾಯುವವರೆಗೆ ನೀವು ಬರಿಗಾಲಲ್ಲಿ ಕ್ಲಾಸು ಮಾಡಬೇಡಿ. ಮ್ಯಾಟ್ ಮೇಲೂ ಬೇಡ. ಮಾಯ್ದ ಮೇಲೂ ಗ್ರಾನೈಟ್ ಮೇಲೆ ನಿಮಗೆ ತೆಳು ಅಡಿಯ ಶೂ ಇರಲೇಬೇಕು. ಮ್ಯಾಟ್ ಮೇಲೆ ಬರಿಗಾಲು ಸರಿಯೋ ಅಲ್ಲವೋ ಅನ್ನೋದನ್ನು ನಿಮ್ಮ ಶುಗರ್ ಡಾಕ್ಟರಿಗೆ ಪಾದ ತೋರಿಸಿ ತೀರ್ಮಾನ ಮಾಡಿ. ಮಗಳಿಗೆ ಮ್ಯಾಟ್ ಮೇಲೆ ಬರಿಗಾಲು ಏನೂ ತೊಂದರೆಯಿಲ್ಲ. ಆದರೆ ಗ್ರಾನೈಟ್ ಮೇಲೆ ನೆಗೆಯೋದು ಇವತ್ತೇ ನಿಲ್ಲಲಿ. ಕಾಲುಂಗುರ ಕ್ಲಾಸಿನ ಹೊತ್ತಿಗೆ ತೆಗೆದಿಡಿ.

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಕಾಲೇಜಿನ ದಿನಗಳಿಂದ ಕರಾಟೆ ಮಾಡಿದವಳು. ಹಾಗಾಗಿ ನಿಮ್ಮ ಮಾಸ್ಟರ ಮಾತಿಗೆ ಎದುರು ಹೇಳಬೇಕು ಅಂತ ಇದನ್ನು ಬರೆಯುತ್ತಿಲ್ಲ. ಅವರು ಹೇಳುವುದರಲ್ಲಿ ಅರ್ಥವಿದೆ. ಬರಿಗಾಲಲ್ಲಿ ಕಲಿತರೆ ಪಾದಕ್ಕೆ ನೆಲ ಗೊತ್ತಾಗುತ್ತದೆ, ಬೆರಳು ಹೇಗೆ ಊರಬೇಕು, ತೂಕ ಎಲ್ಲಿ ಬೀಳುತ್ತಿದೆ ಅನ್ನೋದು ಸುಮ್ನೆ ನಿಂತರೂ ತಿಳಿಯುತ್ತದೆ. ಒಂದೊಂದು ಪಾದದಲ್ಲಿ 26 ಮೂಳೆ ಇವೆ. ದಪ್ಪ ಶೂ ಒಳಗೆ ಅವಕ್ಕೆ ಕೆಲಸವೇ ಇರುವುದಿಲ್ಲ.

ಆದರೆ ಈ ಬರಿಗಾಲಿನ ಪದ್ಧತಿ ಎಲ್ಲಿಂದ ಬಂತು ಅಂತ ಸ್ವಲ್ಪ ನೋಡಬೇಕು. ಜಪಾನಿನಲ್ಲಿ ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ, ನಮ್ಮ ಹಾಗೇ. ಜಿಗೊರೊ ಕಾನೊ 1882ರಲ್ಲಿ ಜೂಡೋ ಶುರು ಮಾಡಿದಾಗ ನೆಲದ ಮೇಲೆ ಇದ್ದದ್ದು ಹುಲ್ಲಿನ ತತಾಮಿ ಚಾಪೆ. ಗಿಚಿನ್ ಫುನಾಕೊಶಿ 1922ರಲ್ಲಿ ಒಕಿನಾವಾದ ಕರಾಟೆಯನ್ನು ಟೋಕಿಯೋಗೆ ತಂದ ಮೇಲೆ ಅದು ಬೆಳೆದದ್ದು ಮರದ ಹಲಗೆ ನೆಲದ ಮೇಲೆ. ಕೇರಳದ ಕಳರಿಯಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಅಗೆದು ಮಾಡಿದ ಮಣ್ಣಿನ ಅಂಕಣ. ನಮ್ಮ ಮೈಸೂರಿನ ಗರಡಿ ಮನೆಗಳೂ ಅಷ್ಟೇ. ನಾನು ಹುಟ್ಟಿ ಬೆಳೆದ ಬೀದಿಯ ಕೊನೆಯಲ್ಲಿ ಒಂದು ಗರಡಿ ಇತ್ತು. ಬೆಳಿಗ್ಗೆ ಪೈಲ್ವಾನರು ಚಪ್ಪಲಿ ಹೊರಗೆ ಬಿಟ್ಟು, ಹನುಮಂತನಿಗೆ ಕೈ ಮುಗಿದು ಒಳಗೆ ಹೋಗುತ್ತಿದ್ದರು. ಜೋಡಿ ಹಿಡಿಯುವ ಮುಂಚೆ ಒಬ್ಬರು ಗುದ್ದಲಿ ತಗೊಂಡು ಅಖಾಡದ ಕೆಮ್ಮಣ್ಣನ್ನು ಅಗೆದು ಸಡಿಲ ಮಾಡುತ್ತಿದ್ದರು. ಕಲ್ಲು ಕಂಡರೆ ಆರಿಸಿ ಬಿಸಾಡುತ್ತಿದ್ದರು. ಆ ಮಣ್ಣಿಗೆ ಅರಿಶಿನ, ಎಣ್ಣೆ, ಕರ್ಪೂರ ಬೆರೆಸಿ ಹದ ಮಾಡಿರುತ್ತಿದ್ದರು. ಕಾಲಿಟ್ಟರೆ ಹಿಮ್ಮಡಿ ಒಂದಿಷ್ಟು ಒಳಗೆ ಇಳಿಯುತ್ತಿತ್ತು. ದಸರಾ ಹೊತ್ತಿಗೆ ದೊಡ್ಡಕೆರೆ ಮೈದಾನದಲ್ಲಿ ನಡೆಯುವ ನಾಡಕುಸ್ತಿಯ ಅಖಾಡಕ್ಕೂ ಇದೇ ತರಹದ ಮಣ್ಣು ಬೇಕು.

ಇಲ್ಲೆಲ್ಲ ಬರಿಗಾಲಿಗೆ ಒಪ್ಪುವ ನೆಲ ಇತ್ತು. ಈಗ ನಾವು ಬರಿಗಾಲನ್ನು ಮಾತ್ರ ಉಳಿಸಿಕೊಂಡು, ನೆಲಕ್ಕೆ ಗ್ರಾನೈಟ್ ಹಾಕಿದ್ದೇವೆ. ಮದುವೆ ಊಟ ಬಡಿಸಿ ತೊಳೆಯೋದಕ್ಕೆ ಅದು ಒಳ್ಳೆ ನೆಲ. ಒಂದು ಗಂಟೆ ನೆಗೆಯೋದಕ್ಕೆ, ತಿರುಗೋದಕ್ಕೆ ಅಲ್ಲ. ನಿಮ್ಮ ಮೂರು ತೊಂದರೆಗಳಲ್ಲಿ ಎರಡು ಈ ನೆಲದಿಂದಲೇ ಬಂದಿರುವುದು ಅಂತ ನನ್ನ ಅನಿಸಿಕೆ.

ಇನ್ನು ಸಮರ ಕಲೆ ಅಂದರೆ ಬರಿಗಾಲೇ ಆಗಬೇಕು ಅಂತಲೂ ಇಲ್ಲ. ಒಲಿಂಪಿಕ್ಸ್ ಕುಸ್ತಿಯವರು ಮ್ಯಾಟ್ ಮೇಲೆ ಶೂ ಹಾಕಿಯೇ ಆಡುತ್ತಾರೆ. ಚೀನಾದ ವುಶು ಮಾಡುವವರಿಗೆ ಅವರದೇ ತೆಳು ಶೂ ಇದೆ. ಫ್ರಾನ್ಸಿನಲ್ಲಿ ಸವಾತ್ ಅಂತ ಒದೆಯುವ ಆಟವೊಂದಿದೆ, ಆ ಹೆಸರಿನ ಅರ್ಥವೇ ಹಳೇ ಬೂಟು. ಇದನ್ನೆಲ್ಲ ಮಾಸ್ಟರ ಮುಂದೆ ವಾದಕ್ಕೆ ಇಡಿ ಅಂತಲ್ಲ. ಶೂ ಹಾಕಿದರೆ ಕಲಿಕೆ ಕೆಡುತ್ತದೆ ಅನ್ನೋ ಅಳುಕು ನಿಮ್ಮ ಮನಸ್ಸಲ್ಲಿ ಇದ್ದರೆ ಬಿಟ್ಟುಬಿಡಿ ಅಂತ ಹೇಳಿದೆ.

ಈಗ ಆ ಸೀಳು. ಎಡಗಾಲು, ಹೆಬ್ಬೆರಳ ಬುಡ ಅಂದಿರಿ. ಅಂದರೆ ನೀವು ಬಲಗಾಲಲ್ಲಿ ಜಾಸ್ತಿ ಒದೆಯುತ್ತೀರಿ, ಅಲ್ವಾ? ಮವಾಶಿ ಗೇರಿ ಮಾಡುವಾಗ ಬಲಗಾಲು ಬದಿಯಿಂದ ಸುತ್ತಿಕೊಂಡು ಬರುತ್ತದೆ. ಆಗ ಮೈಯ ಪೂರ್ತಿ ಭಾರ ಎಡಗಾಲಿನ ಮೇಲೆ. ಎಡ ಹಿಮ್ಮಡಿ ಸ್ವಲ್ಪ ಎತ್ತಿ, ಬೆರಳ ಬುಡದ ಆ ದಪ್ಪ ಮೆತ್ತೆಯ ಮೇಲೆ ಪಾದ ಗಿರ್ರನೆ ತಿರುಗಬೇಕು. ಒರಳಲ್ಲಿ ಗುಂಡು ತಿರುಗಿದ ಹಾಗೆ. ದಿನಕ್ಕೆ ನಲವತ್ತು ಐವತ್ತು ಸಲ ಅದೇ ಜಾಗ ಕಲ್ಲಿನ ಮೇಲೆ ಉಜ್ಜಿದರೆ ಮೊದಲು ಜಡ್ಡು ಕಟ್ಟುತ್ತದೆ. ಜಡ್ಡಿನ ಚರ್ಮ ದಪ್ಪ, ಆದರೆ ಬಾಗುವುದಿಲ್ಲ. ಅದರ ಪಕ್ಕದ ಚರ್ಮ ಮೆತ್ತಗೆ. ತಿರುಗಿದಾಗ ಎರಡೂ ಬೇರೆ ಬೇರೆ ಕಡೆ ಎಳೆದು, ನಡುವೆ ಸೀಳುತ್ತದೆ.

ಅಂಗಾಲಿನ ಚರ್ಮಕ್ಕೆ ಇನ್ನೊಂದು ಗುಣ ಇದೆ. ಅಲ್ಲಿ ಬೆವರಿನ ಗ್ರಂಥಿಗಳು ದಟ್ಟವಾಗಿವೆ, ಎಣ್ಣೆ ಒಸರುವ ಗ್ರಂಥಿ ಒಂದೂ ಇಲ್ಲ. ಹಾಗಾಗಿ ಅಂಗಾಲು ತಾನಾಗಿ ಜಿಡ್ಡು ಮಾಡಿಕೊಳ್ಳುವುದಿಲ್ಲ. ಚಳಿಗಾಲದಲ್ಲಿ, ಮಾಗಿ ಗಾಳಿ ಬೀಸುವಾಗ, ಮಂಡ್ಯದ ಕಡೆ ಗದ್ದೆ ಕೆಲಸದವರ ಹಿಮ್ಮಡಿ ಒಡೆಯೋದು ನೀವೂ ನೋಡಿರುತ್ತೀರಿ. ಕಾರಣ ಇದೇ.

ಶುಗರ್ ಇಲ್ಲದವರಿಗಾದರೆ ನಾನು ಮನೆ ಉಪಚಾರ ಹೇಳಿ ಮುಗಿಸುತ್ತಿದ್ದೆ. ನಿಮಗೆ ಹಾಗೆ ಹೇಳಲಾರೆ. ಮೂರು ವಾರದಿಂದ ಮಾಯದ ಸೀಳು, ಜೊತೆಗೆ ಶುಗರ್ ಇದೆ ಅಂದರೆ ಈ ವಾರವೇ ಡಾಕ್ಟರಿಗೆ ತೋರಿಸಬೇಕು. ಅದರ ಸುತ್ತ ಕೆಂಪಗಾಗಿದ್ದರೆ, ಮುಟ್ಟಿದರೆ ಬಿಸಿ ಅನಿಸಿದರೆ, ಕೀವು ಅಥವಾ ವಾಸನೆ ಇದ್ದರೆ, ಜ್ವರ ಬಂದರೆ ವಾರ ಕಾಯಬೇಡಿ, ಅದೇ ದಿನ ಹೋಗಿ. ಮೈಸೂರಿಗೇ ಬರಬೇಕು ಅಂತಿಲ್ಲ, ನಿಮ್ಮ ಜಿಲ್ಲಾಸ್ಪತ್ರೆಯಲ್ಲೇ ತೋರಿಸಬಹುದು. ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನ ‘ನೋವೇ ಇರಲಿಲ್ಲ ಮೇಡಂ, ಅದಕ್ಕೇ ಸುಮ್ಮನಿದ್ದೆ’ ಅಂತಾರೆ. ಶುಗರ್‌ನಲ್ಲಿ ನೋವು ಇಲ್ಲದಿರುವುದೇ ಭಯ ಪಡಬೇಕಾದ ವಿಷಯ. ನರಗಳು ಸುಸ್ತಾದರೆ ಗಾಯ ಆದದ್ದೇ ತಿಳಿಯುವುದಿಲ್ಲ.

ಇವತ್ತು ರಾತ್ರಿ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಮಂಚದ ಮೇಲೆ ಕಾಲು ಚಾಚಿ ಮಲಗಿ, ಕಣ್ಣು ಮುಚ್ಚಿಕೊಳ್ಳಿ. ಮಗಳು ತೋರುಬೆರಳ ತುದಿಯಿಂದ ನಿಮ್ಮ ಕಾಲ್ಬೆರಳ ತುದಿಯನ್ನು ಹಗುರವಾಗಿ ಮುಟ್ಟಲಿ, ಒಂದೆರಡು ಸೆಕೆಂಡು ಅಷ್ಟೇ. ಒತ್ತಬಾರದು, ತಟ್ಟಬಾರದು, ಸವರಬಾರದು. ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು ಆರು ಜಾಗ. ಮುಟ್ಟಿದ್ದು ಗೊತ್ತಾದ ಕೂಡಲೇ ‘ಬಲ’ ಅಥವಾ ‘ಎಡ’ ಅನ್ನಿ. ಆರರಲ್ಲಿ ಎರಡು ಅಥವಾ ಅದಕ್ಕಿಂತ ಜಾಸ್ತಿ ಗೊತ್ತಾಗದೇ ಹೋದರೆ ಪಾದದ ಸ್ಪರ್ಶ ಕಮ್ಮಿ ಆಗಿದೆ ಅಂತ ಅನುಮಾನ ಪಡಬೇಕು. ಹಾಗಾದರೆ ಬರಿಗಾಲಿನ ಮಾತು ಪೂರ್ತಿ ಬಿಟ್ಟುಬಿಡಿ, ಮ್ಯಾಟ್ ಇರಲಿ, ಮನೆಯಲ್ಲೂ ಚಪ್ಪಲಿ ಬೇಕು. ಆರೂ ಸರಿ ಬಂದರೆ ಸಮಾಧಾನ. ಆದರೂ ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಪಾದದ ತಪಾಸಣೆ ಆಗಲೇಬೇಕು.

ಸೀಳಿಗೆ ಈಗ ಮಾಡಬೇಕಾದದ್ದು ಇಷ್ಟು. ಸೋಪು ನೀರಲ್ಲಿ ತೊಳೆದು, ಒತ್ತಿ ಒರೆಸಿ, ಡಾಕ್ಟರು ಕೊಟ್ಟ ಮುಲಾಮು ಹಚ್ಚಿ, ಸ್ವಚ್ಛವಾದ ಗಾಜ್ ಬಟ್ಟೆ ಇಟ್ಟು ಮುಚ್ಚಿ. ಬ್ಲೇಡಿನಿಂದ ಜಡ್ಡು ಕೆರೆಯಬೇಡಿ. ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿ ಅಂಟಿಸಬೇಡಿ. ಅದರಲ್ಲಿ ಚರ್ಮ ಕರಗಿಸುವ ಆ್ಯಸಿಡ್ ಇರುತ್ತದೆ, ಶುಗರ್ ಇದ್ದವರಿಗೆ ಅದರಿಂದ ಹುಣ್ಣಾಗಬಹುದು. ಬಿಸಿನೀರು ಉಪ್ಪು ಹಾಕಿ ಕಾಲು ನೆನೆಸುವ ಅಭ್ಯಾಸ ನಮ್ಮಲ್ಲಿ ಎಲ್ಲ ಮನೆಯಲ್ಲೂ ಇದೆ. ಅದನ್ನೂ ಈಗ ಬೇಡ ಅನ್ನುತ್ತೇನೆ. ಬಿಸಿ ಎಷ್ಟು ಅಂತ ಪಾದಕ್ಕೆ ಸರಿಯಾಗಿ ತಿಳಿಯದಿದ್ದರೆ ಸುಟ್ಟುಕೊಳ್ಳುತ್ತೀರಿ. ನೆನೆದ ಚರ್ಮ ಇನ್ನೂ ಬೇಗ ಸೀಳುತ್ತದೆ.

ಮಾಯ್ದ ಮೇಲೆ ಜಡ್ಡು ಮತ್ತೆ ದಪ್ಪ ಕಟ್ಟದ ಹಾಗೆ ನೋಡಿಕೊಳ್ಳಿ. ಸ್ನಾನವಾದ ಮೇಲೆ ಕಾಲುಜ್ಜುವ ಕಲ್ಲಿನಲ್ಲಿ ಹಗುರವಾಗಿ ನಾಲ್ಕು ಸಲ, ವಾರಕ್ಕೆ ಎರಡು ದಿನ ಸಾಕು. ಜಡ್ಡು ಪೂರ್ತಿ ಹೋಗಬೇಕು ಅಂತಲ್ಲ, ಅಂಚು ಸಮ ಆದರೆ ಸಾಕು. ರಾತ್ರಿ ಮಲಗುವಾಗ ಯೂರಿಯಾ ಇರುವ ಕ್ರೀಮು ಅಥವಾ ಬರೀ ವ್ಯಾಸಲೀನು ಅಂಗಾಲಿಗೂ ಹಿಮ್ಮಡಿಗೂ ಹಚ್ಚಿ, ಹತ್ತಿ ಸಾಕ್ಸ್ ಹಾಕಿ ಮಲಗಿ. ಬೆರಳ ಸಂದಿಗೆ ಮಾತ್ರ ಹಚ್ಚಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಶೂ. ಮನೆಯಲ್ಲಿ ವಾಕಿಂಗ್ ಶೂ ಇದೆ, ಅದನ್ನೇ ತೊಳೆದು ಹಾಕಿಕೊಂಡು ಹೋಗೋಣ ಅಂತ ಅನಿಸಬಹುದು. ದಯವಿಟ್ಟು ಬೇಡ. ನನಗೆ 23 ವರ್ಷವಿದ್ದಾಗ ಒಂದು ಕ್ಲಾಸಿನಲ್ಲಿ ನೆಲ ತಣ್ಣಗಿದೆ ಅಂತ ಓಡುವ ಶೂ ಹಾಕಿಕೊಂಡೇ ಒದೆಯಲು ನಿಂತೆ. ಯಾರೂ ಬೇಡ ಅನ್ನಲಿಲ್ಲ. ಮೈ ತಿರುಗಿತು, ತೊಡೆ ತಿರುಗಿತು, ಪಾದ ಮಾತ್ರ ನೆಲ ಬಿಡಲಿಲ್ಲ. ಎಡ ಮಂಡಿ ಒಳಗೆ ‘ಟಕ್’ ಅಂದ ಸದ್ದು ಇವತ್ತಿಗೂ ನೆನಪಿದೆ. ಮಂಡಿಯೊಳಗಿನ ಮೆದು ಮೂಳೆ ಹರಿದು ಐದು ತಿಂಗಳು ಮನೆಯಲ್ಲಿದ್ದೆ. ಓಡುವ ಶೂ ಮುಂದಕ್ಕೆ ಹೋಗಲು ಮಾಡಿದ್ದು. ನೆಲ ಕಚ್ಚಿ ಹಿಡಿಯುವುದು ಅದರ ಕೆಲಸ. ತಿರುಗಬೇಕಾದ ಪಾದವನ್ನು ಕಚ್ಚಿ ಹಿಡಿದರೆ ಆ ತಿರುಚು ಹೋಗಿ ಕೂರುವುದು ಮಂಡಿಯಲ್ಲಿ. ಜೊತೆಗೆ ಅದರ ಹಿಮ್ಮಡಿ ಎತ್ತರ, ಮೆತ್ತಗೆ. ಒಂಟಿ ಕಾಲಲ್ಲಿ ನಿಂತರೆ ಕಣಕಾಲು ಆಚೆ ಈಚೆ ವಾಲಾಡುತ್ತದೆ.

ನಿಮಗೆ ಬೇಕಾದದ್ದು ಟೇಕ್ವಾಂಡೋ ಶೂ ಅಂತ ಮಾರುವ ತರಹದ್ದು. ಹಗುರ, ಅಡಿ ತೆಳು, ಹಿಮ್ಮಡಿ ಎತ್ತರ ಇಲ್ಲ. ಎಷ್ಟೋ ಶೂಗಳಲ್ಲಿ ಬೆರಳ ಬುಡದ ಕೆಳಗೆ ಒಂದು ದುಂಡು ಗುರುತು ಇರುತ್ತದೆ, ಪಾದ ಸರಾಗವಾಗಿ ತಿರುಗಲಿ ಅಂತ. ವುಶುವಿನವರ ತೆಳು ಶೂ ಕೂಡ ಆಗುತ್ತದೆ. ಮಕ್ಕಳು ಸ್ಕೂಲಿಗೆ ಹಾಕುವ ಬಿಳಿ ಕ್ಯಾನ್ವಾಸ್ ಶೂ ಮೈ ಬಿಸಿ ಮಾಡಿಕೊಳ್ಳುವ ಓಟಕ್ಕೆ ಸರಿ, ಒದೆತಕ್ಕೆ ಅದರ ರಬ್ಬರು ಜಾಸ್ತಿ ಹಿಡಿಯುತ್ತದೆ. ಕುಸ್ತಿ ಶೂ ಕಣಕಾಲಿಗೆ ಒಳ್ಳೆಯದು, ಆದರೆ ಅದೂ ಜಾರದ ಹಾಗೆ ಮಾಡಿದ್ದು. ಬರೀ ಸಾಕ್ಸ್ ಹಾಕಿಕೊಂಡು ಗ್ರಾನೈಟ್ ಮೇಲೆ ಇಳಿಯಲೇಬೇಡಿ, ಬೆವರು ಬಿದ್ದ ಕಲ್ಲು ಎಣ್ಣೆ ಚೆಲ್ಲಿದ ಹಾಗೆ. ಅಡಿಯಲ್ಲಿ ರಬ್ಬರು ಚುಕ್ಕಿ ಇರುವ ಯೋಗದ ಸಾಕ್ಸ್ ಯೋಗಕ್ಕೇ ಇರಲಿ.

ಕೊಳ್ಳುವಾಗ ಶೂವಿನ ಮೂತಿ ಮತ್ತು ಹಿಮ್ಮಡಿ ಹಿಡಿದು ಮಡಚಿ. ಬೆರಳ ಬುಡ ಬರುವ ಜಾಗದಲ್ಲೇ ಮಡಚಬೇಕು, ನಟ್ಟನಡುವೆ ಅಲ್ಲ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿ ನೋಡಿ, ಸ್ವಲ್ಪವಾದರೂ ತಿರುಚಬೇಕು. ಕೊನೆಯ ಪರೀಕ್ಷೆ ನಿಮ್ಮ ಹಾಲಿನಲ್ಲೇ ಆಗಬೇಕು, ಗೋಡೆ ಹಿಡಿದುಕೊಂಡು. ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನಕ್ಕೆ ತಿರುಗಿ. ಪಾದ ತಿರುಗುವ ಮುಂಚೆ ಮಂಡಿಗೆ ಎಳೆತ ಬಂದರೆ ಆ ಶೂ ಆ ನೆಲಕ್ಕೆ ಆಗಲ್ಲ. ಆನ್‌ಲೈನಲ್ಲಿ ತರಿಸಿದರೆ ವಾಪಸ್ ಮಾಡುವ ಅವಕಾಶ ಇಟ್ಟುಕೊಂಡೇ ತರಿಸಿ.

ಅಳತೆ ಸಂಜೆ ಹೊತ್ತು ನೋಡಿ. ಬೆಳಿಗ್ಗೆಗಿಂತ ಸಂಜೆ ಪಾದ ಸ್ವಲ್ಪ ಊದಿರುತ್ತದೆ. ಉದ್ದದ ಬೆರಳ ಮುಂದೆ ಹೆಬ್ಬೆರಳಗಲ ಜಾಗ ಇರಲಿ, ಬದಿಯಲ್ಲಿ ಒತ್ತಬಾರದು. ಮೊದಲ ವಾರ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಹಾಕಬೇಡಿ. ತೆಗೆದ ಕೂಡಲೇ ಪಾದ ನೋಡಿ, ಕೆಂಪು ಗುರುತು ಉಳಿದಿದ್ದರೆ ಅಲ್ಲಿ ಒತ್ತುತ್ತಿದೆ ಅಂತ. ನಿಮಗೆ ಶುಗರ್ ಇರುವುದರಿಂದ ಪ್ರತಿ ಸಲ ಹಾಕುವ ಮುಂಚೆ ಶೂ ಒಳಗೆ ಕೈ ಹಾಕಿ ಸವರಿ ನೋಡಬೇಕು. ಒಂದು ಸಣ್ಣ ಕಲ್ಲು, ಮಡಚಿಕೊಂಡ ಹೊಲಿಗೆ, ಅಷ್ಟು ಸಾಕು ಹುಣ್ಣಾಗಲು.

ಈ ಶೂ ಹಾಲಿನೊಳಗೆ ಮಾತ್ರ. ಬೀದಿಗೆ ಹಾಕಬೇಡಿ. ಬಟ್ಟೆ ಚೀಲದಲ್ಲಿ ಹಾಕಿ ಕೈಯಲ್ಲಿ ತನ್ನಿ, ಪ್ಲಾಸ್ಟಿಕ್ ಚೀಲ ಬೇಡ. ಮನೆಗೆ ಹೋದ ಮೇಲೆ ಒಳಗೆ ಹಳೇ ಪೇಪರು ತುರುಕಿ ನೆರಳಲ್ಲಿ ಗಾಳಿಗೆ ಇಡಿ. ಮಾಸ್ಟರಿಗೆ ಇದನ್ನೇ ಹೇಳಿ: ‘ಸರ್, ಹೊಸ ಶೂ, ಹೊರಗೆ ಹಾಕಿಲ್ಲ, ಶುಗರ್ ಇದೆ ಅಂತ ಡಾಕ್ಟರು ಹೇಳಿದ್ದಾರೆ.’ ನನಗೆ ಗೊತ್ತಿರುವ ಯಾವ ಒಳ್ಳೆ ಮಾಸ್ಟರೂ ಇದಕ್ಕೆ ಇಲ್ಲ ಅಂದಿಲ್ಲ. ಆದರೆ ಜೋಡಿ ಅಭ್ಯಾಸ, ಅಂದರೆ ಕುಮಿತೆ ಮಾಡುವಾಗ, ಶೂ ಹಾಕಿ ಒದೆಯಬೇಡಿ, ಎದುರಿನವರಿಗೆ ಪೆಟ್ಟಾಗುತ್ತದೆ. ಅದಕ್ಕೆ ಪಾದದ ಮೇಲ್ಭಾಗ ಮುಚ್ಚುವ ಮೆತ್ತೆಯ ಗಾರ್ಡು ಇದೆ. ಅಂತರರಾಷ್ಟ್ರೀಯ ಕುಮಿತೆ ಪಂದ್ಯದಲ್ಲೂ ಅದು ಕಡ್ಡಾಯ. ಅದರಲ್ಲಿ ಅಂಗಾಲು ಬರಿದಾಗಿಯೇ ಇರುತ್ತದೆ, ಹಾಗಾಗಿ ಸೀಳು ಮಾಯುವವರೆಗೆ ಕುಮಿತೆ ಬಿಡಿ. ಕೈ ಕೆಲಸ, ನಿಲುವು, ಕಾತಾ (ಒಬ್ಬರೇ ಕ್ರಮವಾಗಿ ಮಾಡುವ ಪಟ್ಟುಗಳ ಸಾಲು) ಮಾಡುತ್ತಿರಿ. ಡಾಕ್ಟರು ಕಾಲಿಗೆ ವಿಶ್ರಾಂತಿ ಕೊಡಿ ಅಂದರೆ ಅದನ್ನೂ ಬಿಡಬೇಕು.

ಬೆರಳ ಸಂದಿಯ ತುರಿಕೆಗೆ ಬರೋಣ. ಮೊಬೈಲ್ ಟಾರ್ಚ್ ಹಾಕಿ ಕಿರುಬೆರಳನ್ನು ಪಕ್ಕಕ್ಕೆ ಎಳೆದು ನೋಡಿ. ಚರ್ಮ ಬೆಳ್ಳಗೆ, ನೀರಲ್ಲಿ ನೆನೆದ ಅವಲಕ್ಕಿ ಹಾಗೆ ಮೆತ್ತಗಾಗಿ, ಅಂಚು ಸುಲಿದಿದೆಯಾ? ಅದು ಶಿಲೀಂಧ್ರದ ಸೋಂಕು ಇರಬಹುದು. ನಾಟಿ ಕಾಲದಲ್ಲಿ ಗದ್ದೆಯಲ್ಲಿ ನಿಂತವರಿಗೆ ಕೆಸರು ಹುಣ್ಣು ಆಗುವುದೂ ಇದೇ ಜಾಗದಲ್ಲಿ. ಯಾವಾಗಲೂ ಒದ್ದೆಯಾಗಿರುವ ಜಾಗ ಅದು. ಕೊಬ್ಬರಿ ಎಣ್ಣೆ, ವ್ಯಾಸಲೀನು ಅಲ್ಲಿ ಹಚ್ಚಿದರೆ ಒದ್ದೆ ಒಳಗೇ ಉಳಿಯುತ್ತದೆ. ಅದಕ್ಕೇ ಸಂದಿಗೆ ಹಚ್ಚಬೇಡಿ ಅಂದದ್ದು. ಸಾಮಾನ್ಯವಾಗಿ ಕ್ಲೋಟ್ರಿಮಝೋಲ್ ಅಥವಾ ಟರ್ಬಿನಫಿನ್ ಕ್ರೀಮು ಕೊಡುತ್ತಾರೆ. ಸೀಳು ತೋರಿಸಲು ಹೋದಾಗ ಇದನ್ನೂ ತೋರಿಸಿ. ತುರಿಕೆ ನಿಂತ ದಿನವೇ ಕ್ರೀಮು ನಿಲ್ಲಿಸಬಾರದು. ಮೇಲೆ ವಾಸಿ ಅನಿಸಿದರೂ ಒಳಗೆ ಉಳಿದಿರುತ್ತದೆ. ಡಾಕ್ಟರು ಎಷ್ಟು ದಿನ ಅಂದರೋ ಅಷ್ಟೂ ದಿನ ಹಚ್ಚಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಮೆಡಿಕಲ್ ಸ್ಟೋರಿಗೆ ಹೋಗಿ ‘ತುರಿಕೆಗೆ ಏನಾದ್ರೂ ಕೊಡಿ’ ಅಂತ ಕೇಳಬೇಡಿ. ಎಷ್ಟೋ ಟ್ಯೂಬುಗಳಲ್ಲಿ ಶಿಲೀಂಧ್ರದ ಔಷಧದ ಜೊತೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಎರಡು ದಿನದಲ್ಲಿ ತುರಿಕೆ ಮಾಯ, ಆದರೆ ಸೋಂಕು ಒಳಗೊಳಗೇ ಹರಡುತ್ತದೆ. ನಮ್ಮ ದೇಶದಲ್ಲಿ ಹುಳುಕಡ್ಡಿ ಈಚಿನ ವರ್ಷಗಳಲ್ಲಿ ಇಷ್ಟು ಹಠ ಹಿಡಿದು ಕಾಡುತ್ತಿರುವುದಕ್ಕೆ ಇದೂ ಒಂದು ಕಾರಣ ಅಂತ ಚರ್ಮದ ವೈದ್ಯರು ಹೇಳುತ್ತಲೇ ಇದ್ದಾರೆ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಕ್ಲಾಸಿನಲ್ಲಿ ಒಬ್ಬರ ಮೈ ಇನ್ನೊಬ್ಬರಿಗೆ ತಾಗುತ್ತದೆ. ನಿಮ್ಮ ಪಾದದ್ದು ಮಗಳ ಕುತ್ತಿಗೆಗೆ ಬಂದರೆ ಆಶ್ಚರ್ಯವಿಲ್ಲ.

ಸ್ನಾನವಾದ ಮೇಲೆ ಪಾದಕ್ಕೆ ಬೇರೆ ಬಟ್ಟೆ ಇಟ್ಟುಕೊಳ್ಳಿ. ಒಂದೊಂದು ಸಂದಿಯನ್ನೂ ಬಿಡಿಸಿ ಒರೆಸಿ. ಇನ್ನೊಂದು ಅಭ್ಯಾಸ: ಬಟ್ಟೆ ಹಾಕುವಾಗ ಮೊದಲು ಸಾಕ್ಸ್ ಹಾಕಿ, ಆಮೇಲೆ ಒಳಬಟ್ಟೆ. ಇಲ್ಲದಿದ್ದರೆ ಒಳಬಟ್ಟೆ ಪಾದಕ್ಕೆ ತಾಗಿ, ಸೋಂಕು ತೊಡೆಸಂದಿಗೆ ಹೋಗುತ್ತದೆ. ಚಿಕ್ಕ ವಿಷಯ, ಆದರೆ ಇದನ್ನು ಬದಲಾಯಿಸಿಕೊಂಡೇ ವರ್ಷಗಳ ತೊಂದರೆ ಕಮ್ಮಿ ಆದವರನ್ನು ನೋಡಿದ್ದೇನೆ.

ಕಾಲುಂಗುರ. ನಾನೂ ಹಾಕುವವಳೇ, ಹಾಗಾಗಿ ನಿಮ್ಮ ಸಂಕೋಚ ಗೊತ್ತು. ತೆಗೆದು ನೋಡಿದಾಗ ಉಂಗುರದ ಕೆಳಗಿನ ಚರ್ಮ ಹೇಗಿರುತ್ತದೆ ಅಂತ ಗಮನಿಸಿದ್ದೀರಾ? ಒಂದು ಬೆಳ್ಳಗಿನ ಪಟ್ಟಿ, ಅದರ ಅಂಚಲ್ಲಿ ಸೋಪಿನ ಕಸ. ಸ್ನಾನದ ನೀರು ಅಲ್ಲಿ ಆರುವುದೇ ಇಲ್ಲ. ಸೋಂಕಿಗೆ ಅದು ಒಳ್ಳೆ ಮನೆ. ಇನ್ನು ಮ್ಯಾಟಿನ ಎರಡು ತುಂಡು ಸೇರುವ ಸಂದಿಗೆ ಉಂಗುರ ಸಿಕ್ಕಿಕೊಂಡರೆ ಬೆರಳು ತಿರುಚುತ್ತದೆ. ಎಡವಿ ಬೆರಳು ಊದಿಕೊಂಡರೆ ಉಂಗುರ ಬಿಗಿದು ರಕ್ತ ಹೋಗುವುದಿಲ್ಲ, ಆಸ್ಪತ್ರೆಯಲ್ಲಿ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಎದುರಿನ ಮಗುವಿನ ಮುಖಕ್ಕೆ ತಾಗಿದರೆ ಗೀರುತ್ತದೆ. ನಾನು ಕ್ಲಾಸಿಗೆ ಮುಂಚೆ ತೆಗೆದು ಹಳೇ ಕುಂಕುಮದ ಡಬ್ಬಿಯಲ್ಲಿ ಹಾಕಿ ಬ್ಯಾಗಿನಲ್ಲಿ ಇಡುತ್ತೇನೆ, ಮುಗಿದ ಮೇಲೆ ಪಾದ ಒರೆಸಿ ಮತ್ತೆ ಹಾಕುತ್ತೇನೆ. ಮನೆಯಲ್ಲಿ ಹಿರಿಯರು ಒಪ್ಪದಿದ್ದರೆ, ಅಥವಾ ಬಿಗಿಯಾಗಿ ಕೂತು ಬರದೇ ಇದ್ದರೆ, ಬೆರಳಿಗೆ ಗಾಜ್ ಸುತ್ತಿ ಮೇಲೆ ಟೇಪು ಹಾಕಿ. ಇದು ಎರಡನೇ ದಾರಿ ಅಷ್ಟೇ. ಬರದಷ್ಟು ಬಿಗಿಯಾಗಿದ್ದರೆ ಅಕ್ಕಸಾಲಿಗರ ಹತ್ತಿರ ಹೋಗಿ ಸಡಿಲ ಮಾಡಿಸುವುದು ಒಳ್ಳೆಯದು, ಶುಗರ್ ಇರುವ ಕಾಲಿಗೆ ಬಿಗಿ ಯಾವಾಗಲೂ ಬೇಡ. ಗೆಜ್ಜೆ, ಕಾಲ್ಚೈನು ಇದ್ದರೆ ಅದೂ ಡಬ್ಬಿಗೆ.

ಉಗುರನ್ನು ನೇರವಾಗಿ ಕತ್ತರಿಸಿ. ಮೂಲೆಯನ್ನು ಒಳಗೆ ಕೊರೆಯಬೇಡಿ, ಉಗುರು ಮಾಂಸದೊಳಗೆ ಬೆಳೆಯುತ್ತದೆ.

ಮಗಳ ವಿಷಯ. 8ರಿಂದ 14 ವರ್ಷದ, ಚೆನ್ನಾಗಿ ಆಡುವ ಮಕ್ಕಳಲ್ಲಿ ಹಿಮ್ಮಡಿ ನೋವು ಜಾಸ್ತಿ. ಈ ವಯಸ್ಸಲ್ಲಿ ಹಿಮ್ಮಡಿ ಮೂಳೆಯ ಹಿಂಭಾಗ ಇನ್ನೂ ಬೆಳೆಯುತ್ತಿರುತ್ತದೆ. ಮೂಳೆಗೂ ಅದರ ತುದಿಗೂ ನಡುವೆ ಮೆದುವಾದ ಪದರ ಇರುತ್ತದೆ. ಮೀನಖಂಡದ ಸ್ನಾಯು ಬಂದು ಹಿಡಿಯುವುದು ಅಲ್ಲೇ. ಎತ್ತರ ಬೇಗ ಬೆಳೆದಾಗ ಸ್ನಾಯು ಬಿಗಿಯಾಗಿ ಆ ಜಾಗವನ್ನು ಎಳೆಯುತ್ತದೆ. ಮೇಲಿಂದ ಕಲ್ಲಿನ ಮೇಲೆ ನೆಗೆದರೆ ಕೆಳಗಿಂದ ಪೆಟ್ಟು. ಇದಕ್ಕೆ ಸೀವರ್ಸ್ ಅಂತ ಹೆಸರು. ರೋಗ ಅಂತ ಹೆದರಬೇಡಿ. ಬೆಳವಣಿಗೆ ಮುಗಿದು ಮೂಳೆ ಕೂಡಿಕೊಂಡ ಮೇಲೆ ತಾನಾಗಿ ಹೋಗುತ್ತದೆ.

ಅವಳ ಹಿಮ್ಮಡಿಯ ಎರಡು ಬದಿಯನ್ನು ಹೆಬ್ಬೆರಳು, ತೋರುಬೆರಳಿಂದ ಹಿಡಿದು ಮೆಲ್ಲಗೆ ಅದುಮಿ. ‘ಅಮ್ಮಾ, ಅಲ್ಲೇ’ ಅಂದರೆ ಬಹುಪಾಲು ಇದೇ. ಮೂರು ವಾರ ನೆಗೆತ, ಹಗ್ಗದಾಟ ಬಿಡಿಸಿ, ಉಳಿದದ್ದು ಮ್ಯಾಟ್ ಮೇಲೆ ಮಾಡಲಿ. ಕ್ಲಾಸು ಮುಗಿದ ಮೇಲೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ. ಗೋಡೆಗೆ ಎರಡೂ ಕೈ ಊರಿ, ಒಂದು ಕಾಲು ಹಿಂದೆ ಇಟ್ಟು, ಹಿಮ್ಮಡಿ ನೆಲಕ್ಕೆ ತಾಗಿಸಿ ಮೀನಖಂಡ ಎಳೆಯುವ ವ್ಯಾಯಾಮ ದಿನಕ್ಕೆ ಎರಡು ಹೊತ್ತು, ಒಂದೊಂದು ಕಾಲಿಗೆ 30 ಸೆಕೆಂಡಿನಂತೆ ಮೂರು ಸಲ. ಎಳೆತ ಗೊತ್ತಾಗಬೇಕು, ನೋಯಬಾರದು. ಸ್ಕೂಲು ಶೂ ಒಳಗೆ ಹಿಮ್ಮಡಿ ಕೆಳಗೆ ಮೆತ್ತೆ ಹಾಕಿ. ಚಪ್ಪಟೆ ಶೂ ಸವೆದಿದ್ದರೆ ಬದಲಾಯಿಸಿ. ಕುಂಟುತ್ತಿದ್ದರೆ, ರಾತ್ರಿ ನೋವಿಗೆ ಎಚ್ಚರ ಆಗುತ್ತಿದ್ದರೆ, ಊತ ಅಥವಾ ಜ್ವರ ಇದ್ದರೆ ಇದು ಬೇರೆ ಇರಬಹುದು, ಮೂಳೆ ಡಾಕ್ಟರಿಗೆ ತೋರಿಸಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ಮಾತು ಕೇಳುತ್ತೇನೆ. ಆ ಭವನದ ಟಾಯ್ಲೆಟ್ಟಿಗೆ ಮಕ್ಕಳು ಹೇಗೆ ಹೋಗುತ್ತಾರೆ? ಒಂದು ಕ್ಲಾಸಿನಲ್ಲಿ ನಾನು ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಏಳೆಂಟು ವರ್ಷದ ಹುಡುಗ, ಸಾರ್ ಅಂತ ಕಿರುಬೆರಳು ಎತ್ತಿ, ಬರಿಗಾಲಲ್ಲಿ ಓಡಿದ. ಟಾಯ್ಲೆಟ್ ನೆಲದ ತುಂಬ ನೀರು. ಬಂದವನು ಒದ್ದೆ ಕಾಲಲ್ಲೇ ಮ್ಯಾಟ್ ಹತ್ತಿದ. ನೀಲಿ ಮ್ಯಾಟ್ ಮೇಲೆ ಅವನ ಪುಟ್ಟ ಹೆಜ್ಜೆಗಳು ಸಾಲಾಗಿ ಮೂಡಿದವು. ಎರಡು ನಿಮಿಷಕ್ಕೆ ಅದೇ ಜಾಗದಲ್ಲಿ ಎಲ್ಲರೂ ಅಂಗಾತ ಮಲಗಿ ಹೊಟ್ಟೆ ವ್ಯಾಯಾಮ ಮಾಡಿದರು. ಮಡಿ ಮೈಲಿಗೆ ಅಂತ ಬರಿಗಾಲು ಮಾಡಿಸುತ್ತೇವೆ, ಆದರೆ ಆ ಬರಿಗಾಲು ಎಲ್ಲೆಲ್ಲಿ ಹೋಗಿ ಬಂತು ಅಂತ ನೋಡುವುದಿಲ್ಲ. ಬೆರಳ ಸಂದಿಯ ಸೋಂಕು, ಅಂಗಾಲಿನ ನರಹುಲಿ ಒಬ್ಬರಿಂದ ಒಬ್ಬರಿಗೆ ದಾಟುವುದು ಇಂಥ ಒದ್ದೆ ನೆಲದಲ್ಲೇ.

ಜೂಡೋದವರು ಮ್ಯಾಟ್‌ನಿಂದ ಇಳಿದ ಕೂಡಲೇ ಜೋರಿ ಅನ್ನೋ ಚಪ್ಪಲಿ ಮೆಟ್ಟುತ್ತಾರೆ. ಮ್ಯಾಟ್ ಅಂಚಿನಲ್ಲೇ, ಮೂತಿ ಹೊರಗೆ ಮಾಡಿ ಸಾಲಾಗಿ ಬಿಟ್ಟಿರುತ್ತಾರೆ. ನಮಗೆ ಹವಾಯಿ ಚಪ್ಪಲಿ ಸಾಕು. ನಿಮಗೂ ಮಗಳಿಗೂ ಒಂದೊಂದು ಜೊತೆ ಕ್ಲಾಸಿಗೆಂದೇ ಇಡಿ. ನೀವು ಶುರು ಮಾಡಿದರೆ ಉಳಿದ ತಾಯಂದಿರು ನೋಡಿ ಮಾಡುತ್ತಾರೆ. ಮ್ಯಾಟ್ ಪಕ್ಕ ಒಂದು ಒಣ ಕಾಲೊರಸು ಇರಲಿ, ವಾರಕ್ಕೆ ಎರಡು ಸಲ ಬದಲಾಗಲಿ.

ಮ್ಯಾಟನ್ನು ಪ್ರತಿ ಕ್ಲಾಸು ಆದ ಮೇಲೆ ಸೋಪು ನೀರಲ್ಲಿ ಒರೆಸಿ, ಆಮೇಲೆ ಕ್ರಿಮಿನಾಶಕವನ್ನು ಬಾಟಲಿ ಮೇಲೆ ಬರೆದ ಅಳತೆಯಲ್ಲೇ ಹಾಕಿ ಒರೆಸಬೇಕು. ಹಚ್ಚಿದ ತಕ್ಷಣ ಒಣಬಟ್ಟೆ ಹಾಕಬಾರದು, ಕೆಲಸ ಮಾಡಲು ಅದಕ್ಕೆ ಕೆಲವು ನಿಮಿಷ ಬೇಕು. ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಮಾತ್ರ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ. ಒದ್ದೆಯಲ್ಲೇ ಪೇರಿಸಿದರೆ ಮಾರನೇ ದಿನ ಬರುವ ಮುಗ್ಗಲು ವಾಸನೆಯೇ ಹೇಳುತ್ತದೆ. ಇನ್ನರ್ಧ ಹಾಲಿಗೂ ಮ್ಯಾಟ್ ತರಿಸಲು ತಂದೆತಾಯಂದಿರು ಸೇರಿ ಮಾಸ್ಟರ ಹತ್ತಿರ ಮಾತಾಡಿ. ಕರಾಟೆಗೆ 25 ಮಿಲಿಮೀಟರ್ ದಪ್ಪದ, ಒಂದಕ್ಕೊಂದು ಸೇರಿಸುವ ಫೋಮ್ ತುಂಡುಗಳು ಸಾಕು. ತುಂಬ ಮೆತ್ತಗಿದ್ದರೆ ಪಾದ ಹೂತು ಮತ್ತೆ ತಿರುಗುವುದಿಲ್ಲ, ಹೆಬ್ಬೆರಳಲ್ಲಿ ಒತ್ತಿ ನೋಡಿ ತನ್ನಿ. ಅಲ್ಲಿವರೆಗೆ ನೆಗೆತ, ಒದೆತ ಎಲ್ಲ ಮ್ಯಾಟ್ ಇರುವ ಅರ್ಧದಲ್ಲಿ ಸರದಿ ಮೇಲೆ ಮಾಡಿಸಿ, ಗ್ರಾನೈಟ್ ಮೇಲೆ ಕೈ ಕೆಲಸ ಮಾಡಿಸಿ ಅಂತ ಕೇಳಿದರೆ ಅವರಿಗೂ ಕಷ್ಟವಾಗುವುದಿಲ್ಲ.

ಡಾಕ್ಟರು ಸೀಳು ನೋಡಿ ಏನು ಹೇಳಿದರು, ಆ ಆರು ಬೆರಳಲ್ಲಿ ಎಷ್ಟು ಗೊತ್ತಾಯಿತು, ಎರಡನ್ನೂ ಬರೆದು ತಿಳಿಸಿ. ಮಗಳ ನೋವು ಮೂರು ವಾರಕ್ಕೂ ಕಮ್ಮಿ ಆಗದಿದ್ದರೆ ಅವಳ ಸ್ಕೂಲು ಶೂ ಸಮೇತ ಕರೆದುಕೊಂಡು ಬನ್ನಿ. ಅಡಿ ಎಲ್ಲಿ ಸವೆದಿದೆ ಅಂತ ನೋಡಬೇಕು.